ಕರಿಕಲ್ಲಿನ ಕುಳಿ

ವಿಜಯಪುರ ಸೀಮೆಯಲ್ಲಿ ನೆಲ ಅಗೆದರೆ ಮೊದಲು ಎರೆಮಣ್ಣು, ಆಮೇಲೆ ಗರಸು, ಅದರಡಿ ಕರಿಕಲ್ಲು. ವಿಜಯಪುರದ ಜಲನಗರ ಬಡಾವಣೆಯ ಮನೆಗಳ ಪಾಯ ನಿಂತಿರುವುದೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಈ ಲಾವಾದ ಮೇಲೆಯೇ. ಆದಿಲ್‌ಶಾಹಿಗಳು ಗೋಲ್ ಗುಮ್ಮಟಕ್ಕೆ ಬಳಸಿದ್ದೂ ಇದೇ ಬಸಾಲ್ಟ್.

ಇದೇ ಲಾವಾ ಹಾಸು ಸೊಲ್ಲಾಪುರ ದಾಟಿ ಉತ್ತರಕ್ಕೂ ಚಾಚಿದೆ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರದಲ್ಲಿ ಅದಕ್ಕೊಂದು ಭಾರಿ ಗುಂಡನೆಯ ಕುಳಿ ಬಿದ್ದಿದೆ. ಅಗಲ 1.8 ಕಿಲೋಮೀಟರ್, ಗೋಲ್ ಗುಮ್ಮಟದಂಥ ನಲವತ್ತು ಗುಮ್ಮಟಗಳನ್ನು ಸಾಲಾಗಿ ಇಟ್ಟರೂ ಹಿಡಿಸುತ್ತವೆ. ಅಂಚಿನ ಗೋಮುಖದಲ್ಲಿ ಸಿಹಿನೀರು ಧಾರೆಯಾಗಿ ಬೀಳುತ್ತದೆ, ತಳದ ಕೆರೆಯ ನೀರು ಮಾತ್ರ ಉಪ್ಪು ಮತ್ತು ಕ್ಷಾರ. ವಿಷ್ಣು ಲವಣಾಸುರನನ್ನು ಕೊಂದ ಜಾಗವಿದು ಎಂದು ಸ್ಥಳಪುರಾಣ ಹೇಳಿದರೆ, ಅಬುಲ್ ಫಜಲನ ಐನ್-ಇ-ಅಕ್ಬರಿಗೆ ಕಂಡದ್ದು ಗಾಜು, ಸಾಬೂನಿಗೆ ಬೇಕಾದ ಸರಕು.

1823ರಲ್ಲಿ ಬ್ರಿಟಿಷ್ ಅಧಿಕಾರಿ ಜೆ. ಇ. ಅಲೆಕ್ಸಾಂಡರ್ ಇಲ್ಲಿಗೆ ಬಂದ ಮೇಲೆ ವಿದ್ವಾಂಸರ ಜಗಳ ಶುರುವಾಯಿತು. ಸುತ್ತೆಲ್ಲ ಲಾವಾ ಇರುವಾಗ ಇದು ಜ್ವಾಲಾಮುಖಿಯ ಬಾಯಲ್ಲದೆ ಇನ್ನೇನು? ಅಮೆರಿಕದ ಜಿ. ಕೆ. ಗಿಲ್ಬರ್ಟ್ 1896ರಲ್ಲಿ ಲೋಣಾರವನ್ನು ಅರಿಜೋನಾದ ಕುಳಿಗೆ ಸರಿಯಾಗಿಯೇ ಹೋಲಿಸಿದ. ಆದರೆ ಎರಡಕ್ಕೂ ನೆಲದೊಳಗಿನ ಉಗಿಯ ಸ್ಫೋಟವೇ ಕಾರಣವೆಂದ. ಜೋಡಿ ಸರಿ, ತೀರ್ಪು ತಪ್ಪು: ಎರಡೂ ಉಲ್ಕೆ ಬಡಿದು ಆದ ಕುಳಿಗಳು!

ತೀರ್ಪು ತಡವಾಗಲು ಕಲ್ಲೂ ಕಾರಣ. ಉಲ್ಕೆ ಬಡಿದದ್ದಕ್ಕೆ ಸಾಮಾನ್ಯವಾಗಿ ಸಾಕ್ಷಿ ಹೇಳುವುದು ಪೆಟ್ಟು ತಿಂದ ಸ್ಫಟಿಕಶಿಲೆಯ ಕಣ. ಕರಿಕಲ್ಲಿನಲ್ಲಿ ಅದು ಇಲ್ಲವೆಂದರೂ ಸರಿ. ಕೊನೆಗೆ ಸ್ಮಿತ್ಸೋನಿಯನ್ ಸಂಸ್ಥೆಯ ಕರ್ಟ್ ಫ್ರೆಡ್ರಿಕ್ಸನ್ ಮತ್ತು ಭಾರತೀಯ ಭೂವಿಜ್ಞಾನಿಗಳು ಕುಳಿಯ ತಳ ಕೊರೆದು ಕಲ್ಲು ಎತ್ತಿಸಿದರು. ಅದರೊಳಗಿನ ಫೆಲ್ಡ್‌ಸ್ಪಾರ್ ಕರಗದೆಯೇ, ಬರೀ ಹೊಡೆತದ ಒತ್ತಡಕ್ಕೆ ಗಾಜಾಗಿತ್ತು. ಯಾವ ಜ್ವಾಲಾಮುಖಿಗೂ ಅಷ್ಟು ಒತ್ತಡ ಹಾಕುವ ತಾಕತ್ತಿಲ್ಲ. 1973ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಸಹಾರಾದಲ್ಲಿ ಆದದ್ದು ಇದಕ್ಕೆ ಉಲ್ಟಾ. ಮಾರಿಟೇನಿಯಾದ ರಿಶಾತ್, ಸುಮಾರು 40 ಕಿಲೋಮೀಟರ್ ಅಗಲದ ಬಳೆಬಳೆಯ ರಚನೆ. 1965ರಲ್ಲಿ ಜೆಮಿನಿ-4ರ ಯಾನಿಗಳು ಮೇಲಿನಿಂದ ಅದರ ಚಿತ್ರ ತೆಗೆದರು. ಉಲ್ಕೆಯ ಗುರುತೇ ಎಂದು ನಂಬಿದ್ದವರಿಗೆ ಭಾರಿ ಒತ್ತಡದಲ್ಲಿ ಹುಟ್ಟುವ ಕೋಯೆಸೈಟ್ ಎಂಬ ಖನಿಜ ಕಲ್ಲಿನಲ್ಲಿ ಸಿಕ್ಕಿತೆಂಬ ವರದಿ ಬೇರೆ ಬಲ ಕೊಟ್ಟಿತ್ತು. ಮತ್ತೆ ಪರೀಕ್ಷಿಸಿದಾಗ ಅದು ಬರೀ ಬೆರೈಟ್ ಎಂಬ ಸಾಮಾನ್ಯ ಖನಿಜ. ನೆಲ ಉಬ್ಬಿ, ಉಬ್ಬು ಸವೆದು, ಗಟ್ಟಿ ಪದರಗಳಷ್ಟೇ ಬಳೆಗಳಾಗಿ ಉಳಿದಿವೆ ಎಂದು 1969ರಲ್ಲಿ ರಾಬರ್ಟ್ ಡೀಟ್ಜ್ ಮತ್ತು ಸಂಗಡಿಗರು ತೋರಿಸಿದರು. ನಿಜವಾದ ಉಲ್ಕಾ ಕುಳಿಯೂ ಆ ಮರುಭೂಮಿಯಲ್ಲಿದೆ: ಈಜಿಪ್ಟಿನ ಕಾಮಿಲ್, ಅಗಲ ಬರೀ 45 ಮೀಟರ್. 2008ರಲ್ಲಿ ಇಟಲಿಯವರೊಬ್ಬರು ಅದನ್ನು ಕಂಡದ್ದು ಒಂಟೆಯ ಮೇಲಿಂದಲ್ಲ, ಗೂಗಲ್ ಅರ್ಥ್‌ನಲ್ಲಿ.

ಲೋಣಾರದ ವಯಸ್ಸಿನ ಲೆಕ್ಕವೂ ಮುಂದೆ ಬದಲಾಯಿತು. ಸುಮಾರು 52,000 ವರ್ಷ ಎನ್ನುತ್ತಿದ್ದ ಕಡೆ, ಆರ್ಗಾನ್ ಪರೀಕ್ಷೆ ಸುಮಾರು 5.7 ಲಕ್ಷ ಎಂದಿತು.