ವೈದ್ಯವಿದ್ಯಾಶಾಲೆಯೂ ವಿದ್ಯಾರ್ಥಿಯ ಮನಸ್ಸೂ

ಮದ್ದೂರಿಗೆ ಸಮೀಪದಲ್ಲಿ ಶಿಂಷಾ ನದೀತೀರದಲ್ಲಿರುವ ವೈದ್ಯನಾಥಪುರವು ಪರಶಿವನನ್ನು ವೈದ್ಯರಿಗೆ ಒಡೆಯನೆಂದು ಪೂಜಿಸುವ ಪುಣ್ಯಕ್ಷೇತ್ರವು. ರೋಗಾರ್ತನು ದೇವರಲ್ಲಿ ನಂಬುಗೆಯಿಡುವಂತೆಯೇ ವೈದ್ಯನಲ್ಲಿಯೂ ಇಡುತ್ತಾನೆ. ಆ ನಂಬುಗೆಗೆ ಪಾತ್ರನಾದ ವೈದ್ಯನು ಎಂತಹ ಶಾಲೆಯಲ್ಲಿ ಸಿದ್ಧನಾಗುವನು, ಆ ಶಾಲೆಯು ಕಲಿಯುವವನ ಮನಸ್ಸಿಗೆ ಹೇಗೆ ತೋರುವುದು ಎಂಬ ವಿಚಾರವು ಬಹು ಪ್ರಾಚೀನವಾದುದು.

ಗುರುವು ಶಿಷ್ಯನನ್ನು ಪರೀಕ್ಷಿಸುವುದು ಲೋಕಪ್ರಸಿದ್ಧವಾಗಿದೆ. ಆದರೆ ಚರಕಸಂಹಿತೆಯ ವಿಮಾನಸ್ಥಾನದ ೮ನೆಯ ಅಧ್ಯಾಯವು, ವೈದ್ಯನಾಗಬಯಸುವವನು ಮೊದಲು ಶಾಸ್ತ್ರವನ್ನೂ ಅನಂತರ ಆಚಾರ್ಯನನ್ನೂ ಪರೀಕ್ಷಿಸಿಕೊಳ್ಳಬೇಕೆಂದು ವಿಧಿಸುತ್ತದೆ. ಆಚಾರ್ಯನು ಕೋಪರಹಿತನೂ ಶಿಷ್ಯವತ್ಸಲನೂ ತಿಳಿಯಹೇಳಲು ಸಮರ್ಥನೂ ಆಗಿರಬೇಕು. ಒಂದೇ ವಿದ್ಯೆಯನ್ನು ಬಲ್ಲವರು ಕೂಡಿ ಸಂಭಾಷಿಸುವುದರಿಂದ ಜ್ಞಾನವು ವೃದ್ಧಿಯಾಗುವುದೆಂದೂ ಅಲ್ಲಿ ಹೇಳಿದೆ. ಸುಶ್ರುತನಾದರೋ ಶಸ್ತ್ರಕರ್ಮವನ್ನು ರೋಗಿಯ ಮೇಲೆ ನಡೆಸುವುದಕ್ಕೆ ಮುಂಚೆ ಕುಂಬಳ, ಸೋರೆ ಮುಂತಾದ ಕಾಯಿಗಳ ಮೇಲೆ ಅಭ್ಯಾಸಮಾಡಿಸಬೇಕೆಂದನು. ಕಲಿಯುವವನು ತಪ್ಪುವುದು ಸಹಜವೆಂದೂ, ಆ ತಪ್ಪು ರೋಗಿಗೆ ತಗುಲಬಾರದೆಂದೂ ಈ ವಿಧಿಯಿಂದ ತಿಳಿದುಬರುತ್ತದೆ.

ಮೈಸೂರು ಸೀಮೆಯಲ್ಲಿ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ ಈ ವಿದ್ಯೆಗೆ ಎರಡು ನೆಲೆಗಳು ದೊರೆತುವು. ೧೯೦೮ರಲ್ಲಿ ಮೈಸೂರಿನಲ್ಲಿ ಆಯುರ್ವೇದ ವಿದ್ಯಾಶಾಲೆಯು ಪ್ರಾರಂಭವಾಯಿತು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜು ೧೯೩೦ರಲ್ಲಿ ಮೈಸೂರಿಗೆ ಬಂದಿತು. ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ೧೯೮೪ರಲ್ಲಿ ಮೈಸೂರಿನಲ್ಲಿಯೇ ವೈದ್ಯಕೀಯ ಕಾಲೇಜನ್ನು ತೆರೆಯಿತು. ಈ ಶತಮಾನದ ಮೊದಲ ದಶಕದಲ್ಲಿ ಮಂಡ್ಯ ನಗರಕ್ಕೂ ಸರ್ಕಾರದ ವೈದ್ಯಕೀಯ ವಿದ್ಯಾಸಂಸ್ಥೆಯು ದೊರೆತು, ರೈತಾಪಿ ಮನೆಗಳ ಮಕ್ಕಳಿಗೆ ವೈದ್ಯವಿದ್ಯೆಯು ಸಮೀಪವಾಯಿತು.

ಶಾಲೆಯು ಸಮೀಪವಾದ ಮಾತ್ರದಿಂದ ವಿದ್ಯೆಯು ಸುಲಭವಾಗಲಿಲ್ಲ. ಕನ್ನಡದಲ್ಲಿ ಓದಿ ಬಂದ ಬಾಲಕ ಬಾಲಕಿಯರಿಗೆ ಶಾರೀರಶಾಸ್ತ್ರದ ಸಹಸ್ರಾರು ಪದಗಳು ಇಂಗ್ಲಿಷಿನಲ್ಲಿ ಎದುರಾಗುವುವು. ಶವಚ್ಛೇದನಶಾಲೆಯ ಮೊದಲ ದರ್ಶನ, ಪರೀಕ್ಷೆಗಳ ಸಾಲು, ಮನೆಯವರ ಸಾಲದ ಚಿಂತೆ, ಇವೆಲ್ಲವೂ ಒಟ್ಟಿಗೇ ಹೆಗಲೇರುವುವು. ಇವುಗಳ ಮೇಲೆ ಹಿರಿಯ ವಿದ್ಯಾರ್ಥಿಗಳ ಪೀಡನೆಯೂ ಸೇರಿದರೆ ಕಲಿಯುವ ಮನಸ್ಸು ಮುದುಡದೆ ಇರದು. ರ್‍ಯಾಗಿಂಗ್ ಎಂಬ ಈ ಪೀಡನೆಯನ್ನು ೧೯೮೩ರ ಕರ್ನಾಟಕ ಶಿಕ್ಷಣ ಕಾಯಿದೆಯು ದಂಡನಾರ್ಹವೆಂದು ವಿಧಿಸಿದೆ.

ಶಾಲೆಯ ವಾತಾವರಣವನ್ನು ಅಳೆಯುವುದಕ್ಕೆ ವಿದ್ಯಾರ್ಥಿಗಳನ್ನೇ ಕೇಳುವ ಕ್ರಮವೊಂದನ್ನು ಸ್ಕಾಟ್ಲೆಂಡ್ ದೇಶದ ಡಂಡೀ ನಗರದ ವಿದ್ವಾಂಸರು ೧೯೯೭ರಲ್ಲಿ ಪ್ರಕಟಿಸಿದರು. ಡ್ರೀಮ್ ಎಂದು ಹೆಸರಾದ ಈ ಪ್ರಶ್ನಾವಳಿಯಲ್ಲಿ ೫೦ ವಾಕ್ಯಗಳಿವೆ; ಒಂದೊಂದಕ್ಕೂ ೪ರಂತೆ ಒಟ್ಟು ೨೦೦ ಅಂಕಗಳು. ಕಲಿಕೆ, ಅಧ್ಯಾಪಕರು, ಸ್ವಸಾಮರ್ಥ್ಯದಲ್ಲಿ ವಿಶ್ವಾಸ, ಶಾಲೆಯ ವಾತಾವರಣ, ಸಹವಾಸಜೀವನ ಎಂಬ ೫ ಭಾಗಗಳಲ್ಲಿ ವಿದ್ಯಾರ್ಥಿಯು ತನ್ನ ಅಭಿಪ್ರಾಯವನ್ನು ಗುರುತಿಸುವನು. ಭಾರತದ ಅನೇಕ ವೈದ್ಯಕೀಯ ಕಾಲೇಜುಗಳಲ್ಲಿಯೂ ಇದನ್ನು ಬಳಸಿದ್ದಾರೆ. ಶಿಷ್ಯನು ಆಚಾರ್ಯನನ್ನು ಪರೀಕ್ಷಿಸಲಿ ಎಂದ ಚರಕನ ಮಾತಿಗೆ ಇದು ದೂರವಾದುದಲ್ಲ. ೨೦೧೯ರಲ್ಲಿ ನಮ್ಮ ದೇಶದಲ್ಲಿ ಜಾರಿಗೆ ಬಂದ ನೂತನ ಪಠ್ಯಕ್ರಮವು ಹೊಸ ವಿದ್ಯಾರ್ಥಿಗಳಿಗೆ ಮೊದಲು ಒಂದು ತಿಂಗಳ ಪೂರ್ವಸಿದ್ಧತೆಯನ್ನು ಗೊತ್ತುಮಾಡಿ, ಅದರಲ್ಲಿ ಇಂಗ್ಲಿಷಿನೊಡನೆ ಪ್ರಾಂತಭಾಷೆಯ ಅಭ್ಯಾಸಕ್ಕೂ ಅವಕಾಶವಿತ್ತಿತು.

ಕಟ್ಟಡ, ಯಂತ್ರ, ಗ್ರಂಥಭಂಡಾರಗಳು ಅವಶ್ಯಕವೇ ಸರಿ. ಆದರೆ ತಿಳಿಯದುದನ್ನು ತಿಳಿಯದೆಂದು ನಿರ್ಭಯವಾಗಿ ಹೇಳಲು ಶಿಷ್ಯನಿಗೆ ಎಡೆಯಿಲ್ಲದಿದ್ದರೆ ಅವೆಲ್ಲವೂ ನಿಷ್ಫಲವಾಗುವುವು. ಗದರಿಕೆಗೆ ಅಂಜಿ ಸಂದೇಹವನ್ನು ನುಂಗಿಕೊಂಡವನು ಮುಂದೆ ವೈದ್ಯನಾದಾಗ, ಆ ಸಂದೇಹದ ಫಲವನ್ನು ರೋಗಿಯು ಉಣ್ಣಬೇಕಾಗುವುದು. ಆದುದರಿಂದ ವಿದ್ಯಾರ್ಥಿಯ ಮಾತನ್ನು ಆಲಿಸುವುದು ಅವನಿಗೆ ತೋರುವ ದಾಕ್ಷಿಣ್ಯವಲ್ಲ; ವೈದ್ಯನನ್ನು ನಂಬಿ ಬರುವ ಬಡರೋಗಿಗೆ ಸಲ್ಲಿಸುವ ಸೇವೆಯೇ ಆಗಿರುವುದು. ವಿದ್ಯಾದಾನವನ್ನು ಕೈಕೊಂಡ ಸರ್ವರೂ ಇದನ್ನು ಮನಗಾಣಬೇಕು.