ಮಡಿಕೇರಿ ಕೋಟೆಯೊಳಗಿನ ಜಿನಬಿಂಬಗಳು

ಮಡಿಕೇರಿ ಕೋಟೆಯ ಆವರಣದಲ್ಲಿ ಆಂಗ್ಲರು ಕಟ್ಟಿದ ಸಂತ ಮಾರ್ಕರ ಇಗರ್ಜಿಯು 1971ರ ತರುವಾಯ ಸರ್ಕಾರಿ ವಸ್ತುಸಂಗ್ರಹಾಲಯವಾಯಿತು. ಬಣ್ಣದ ಗಾಜಿನ ಕಿಟಕಿಗಳುಳ್ಳ ಈ ಕಟ್ಟಡದಲ್ಲಿ ಜಿನಬಿಂಬಗಳನ್ನು ಕಂಡ ಶ್ರಾವಕರಿಗೆ, ಕೊಡಗಿಗೂ ಜಿನಧರ್ಮಕ್ಕೂ ಏನು ನಂಟೆಂಬ ಪ್ರಶ್ನೆ ಏಳುವುದು ಸಹಜ.

ಅದಕ್ಕೆ ಉತ್ತರವಿರುವುದು ಶನಿವಾರಸಂತೆಗೆ ಸಮೀಪದ ಮುಳ್ಳೂರಿನಲ್ಲಿ. ಉತ್ತರ ಕೊಡಗನ್ನಾಳಿದ ಕೊಂಗಾಳ್ವರು ಚೋಳರ ಸಾಮಂತರಾಗಿದ್ದರೂ ಪರಮ ಜಿನಭಕ್ತರು. ರಾಜೇಂದ್ರ ಕೊಂಗಾಳ್ವನು ತನ್ನ ತಂದೆ ಕಟ್ಟಿಸಿದ ಬಸದಿಗೆ 1058ರಲ್ಲಿ ದತ್ತಿ ನೀಡಿದನು. ಆತನ ತಾಯಿ ಪೋಚಬ್ಬರಸಿಯು ತಾನೂ ಒಂದು ಬಸದಿಯನ್ನು ಕಟ್ಟಿಸಿ, ತನ್ನ ಗುರು ಗುಣಸೇನ ಪಂಡಿತರ ಪ್ರತಿಮೆಯನ್ನೂ ಮಾಡಿಸಿದಳೆಂದು ಶಾಸನವು ಹೇಳುತ್ತದೆ. ಗುಣಸೇನರು ದೇಹತ್ಯಾಗ ಮಾಡಿದ್ದು 1064ರಲ್ಲಿ. ಅಂದರೆ ಗುರುವು ಬದುಕಿರುವಾಗಲೇ ಆದ ಪ್ರತಿಮೆಯಿದು! ಅರಸಿಯ ಭಕ್ತಿ ಅಷ್ಟು ಗಾಢವಾಗಿತ್ತು.

ಸಂಗ್ರಹಾಲಯದ ಬಿಂಬಕ್ಕೆ ಅಭಿಷೇಕವಿಲ್ಲ, ಅಷ್ಟವಿಧಾರ್ಚನೆಯಿಲ್ಲ. ಇದನ್ನು ಕಂಡು ನೋಯುವವರುಂಟು. ಆದರೆ ಪೂಜೆ ನಿಂತುಹೋದ ಊರಿನಲ್ಲಿ ಬಿಂಬವನ್ನು ಮಳೆಗೂ ಕಳ್ಳರಿಗೂ ಬಿಡುವುದಕ್ಕಿಂತ ಇದು ಲೇಸೆಂದೇ ಹೇಳಬೇಕು. ನಿಜವಾದ ನಷ್ಟವೆಂದರೆ, ಅದನ್ನು ಮಾಡಿಸಿದವರ ನೆನಪು ಅಳಿದು ಅದು ಬರಿಯ ಶಿಲ್ಪವಾಗುವುದು. ಮುಳ್ಳೂರಿನಲ್ಲಿ ಪಾರ್ಶ್ವನಾಥ, ಚಂದ್ರನಾಥ, ಶಾಂತಿನಾಥರ ಬಸದಿಗಳು ಇಂದಿಗೂ ನಿಂತಿವೆ. ಮಡಿಕೇರಿಗೆ ಯಾತ್ರಿಕರನ್ನು ಕರೆದೊಯ್ಯುವ ಬಸದಿ ಟ್ರಸ್ಟುಗಳು ಅಲ್ಲಿಗೂ ಒಂದು ದಿನವನ್ನು ಮೀಸಲಿಡಬಹುದು.