ಕೆಲಸದ ಸ್ಥಳದಲ್ಲಿ ಬೂಷ್ಟು

ತೇವ ಹಿಡಿದ ಗೋಡೆ, ಮರ, ಕಾಗದ, ಬಟ್ಟೆಗಳ ಮೇಲೆ ಬೆಳೆಯುವ ಶಿಲೀಂಧ್ರ. ಆಸ್ಪರ್ಜಿಲಸ್, ಪೆನಿಸಿಲಿಯಮ್, ಕ್ಲಾಡೋಸ್ಪೋರಿಯಮ್ ಕುಲದವು ಸಾಮಾನ್ಯ. ಕರಾವಳಿ, ಮಲೆನಾಡಿನ ಕಚೇರಿ, ಗೋದಾಮು, ದಾಖಲೆ ಕೊಠಡಿಗಳಲ್ಲಿ ಮಳೆಗಾಲದಲ್ಲಿ ಇದರ ಕಾಟ ಹೆಚ್ಚು.

ಗುರುತು: ಕಪ್ಪು, ಹಸಿರು ಅಥವಾ ಬಿಳಿ ಕಲೆ, ಮುಗ್ಗಲು ವಾಸನೆ, ಉಬ್ಬಿದ ಗೋಡೆಬಣ್ಣ. ಬೀಜಕಣಗಳು ಉಸಿರಿನೊಡನೆ ಒಳಹೊಕ್ಕರೆ ಸೀನು, ಕೆಮ್ಮು ಬರಬಹುದು, ಆಸ್ತಮಾ ಉಲ್ಬಣಿಸಬಹುದು.

ಶುಚಿ: ಮೊದಲು ಸೋರಿಕೆ ನಿಲ್ಲಿಸಬೇಕು. ಎನ್-95 ಮುಖಗವಸು, ಕೈಗವಸು, ರಕ್ಷಣಾ ಕನ್ನಡಕ ಧರಿಸಿ, ಗಟ್ಟಿ ಮೇಲ್ಮೈಗಳನ್ನು ಸೋಪುನೀರಿನಿಂದ ಉಜ್ಜಿ ಪೂರ್ತಿ ಒಣಗಿಸಬೇಕು. ಒಣಬೂಷ್ಟನ್ನು ಗುಡಿಸಬಾರದು, ಬೀಜಕಣಗಳು ಗಾಳಿಗೆ ಹಾರುತ್ತವೆ. ಬ್ಲೀಚ್ ಬಳಸುವುದಾದರೆ ಅದನ್ನು ಅಮೋನಿಯಾದೊಂದಿಗೆ ಎಂದೂ ಬೆರೆಸಬಾರದು, ವಿಷಾನಿಲ ಹೊಮ್ಮುತ್ತದೆ.

ತಡೆ: ನೆನೆದದ್ದನ್ನು 24–48 ಗಂಟೆಗಳೊಳಗೆ ಒಣಗಿಸುವುದು, ಸಾಪೇಕ್ಷ ಆರ್ದ್ರತೆಯನ್ನು ಶೇ. 60ಕ್ಕಿಂತ ಕೆಳಗಿಡುವುದು, ಕಪಾಟುಗಳ ಹಿಂದೆ ಗಾಳಿಯಾಡುವಷ್ಟು ಜಾಗ ಬಿಡುವುದು.